ಲೋಡಿನಲ್ಲಿ ಮಿಸ್ಸಿಂಗ್, ಸಿಗ್ನಲ್ಲಿನಲ್ಲಿ ನಡುಕ: ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ಪಿನ ಪ್ರಕರಣ ಅಧ್ಯಯನ

ಮಾಲೀಕರ, ಗ್ಯಾರೇಜಿನ ಮತ್ತು ಗಾಡಿಯ ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದೆ. ಕಂಪನಿಯ ಹೆಸರೂ ಇಲ್ಲ. ಲೋಡು ಹೇರಿದಾಗ ಮಿಸ್ಸಿಂಗ್ (ಮಿಸ್‌ಫೈರ್), ಅಂದರೆ ಸಿಲಿಂಡರಿನೊಳಗೆ ಇಂಧನ ಸರಿಯಾಗಿ ಹೊತ್ತದೆ ಎಂಜಿನ್ ತಡವರಿಸುವುದು, ಸಿಗ್ನಲ್ಲಿನಲ್ಲಿ ನಿಂತಾಗ ನಡುಕ: ಈ ದೋಷ ಒಂದು ಕಂಪನಿಯ ಗಾಡಿಗೆ ಮೀಸಲಾದದ್ದಲ್ಲ. ಹೊರಗಡೆ ಗ್ಯಾಸ್ ಕಿಟ್ ಹಾಕಿಸಿಕೊಂಡ ಯಾವ ಪೆಟ್ರೋಲ್ ಗಾಡಿಗೂ ಬರಬಹುದು.

ಗಾಡಿ ಮತ್ತು ಅದರ ದುಡಿಮೆ

1.2 ಲೀಟರಿನ, ನಾಲ್ಕು ಸಿಲಿಂಡರ್, 16 ವಾಲ್ವಿನ ಪೆಟ್ರೋಲ್ ಎಂಜಿನ್ ಇರುವ ಸಣ್ಣ ಪಿಕಪ್. ಎಂಜಿನ್ ಕೂತಿರುವುದು ಸೀಟಿನ ಕೆಳಗೆ. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಕಿಡಿಗೆ ವೋಲ್ಟೇಜ್ ಕೊಡುವ ಅದರದೇ ಇಗ್ನಿಷನ್ ಕಾಯಿಲ್. ಮೊದಲ ಮಾಲೀಕರು ಪೆಟ್ರೋಲಿನಲ್ಲೇ ಓಡಿಸಿದ್ದರು. ಎರಡನೆಯವರು ಸೀಕ್ವೆನ್ಷಿಯಲ್, ಅಂದರೆ ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಗ್ಯಾಸ್ ಕೊಡುವ, ಸಿಎನ್‌ಜಿ ಕಿಟ್ ಹಾಕಿಸಿ ಆರ್‌ಸಿಯಲ್ಲೂ ನಮೂದು ಮಾಡಿಸಿದ್ದರು. ನಮ್ಮ ಪ್ರಕರಣದವರು ಮೂರನೆಯವರು. ಕೊಳ್ಳುವಾಗ ಮೀಟರಿನಲ್ಲಿ 1.1 ಲಕ್ಷ ಕಿ.ಮೀ. ಕಾಗದಪತ್ರವೆಲ್ಲ ಸರಿಯಿತ್ತು: ಎಫ್‌ಸಿ ಚಾಲ್ತಿಯಲ್ಲಿತ್ತು, ಸಾಲದ ನಮೂದು ತೆಗೆಸಿತ್ತು, ಗ್ಯಾಸ್ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆ) ಪ್ಲೇಟೂ ಇತ್ತು. ಎಂಜಿನ್ನನ್ನು ಮಾತ್ರ ಯಾರೂ ಅಳೆದು ನೋಡಿರಲಿಲ್ಲ. ಸ್ಟಾರ್ಟ್ ಮಾಡಿ, ಒಂದು ಸುತ್ತು ಖಾಲಿ ಓಡಿಸಿ, ಹೊಗೆ ಇಲ್ಲ ಎಂದು ಮುಂಗಡ ಕೊಟ್ಟಾಗಿತ್ತು.

ದುಡಿಮೆ ಕಠಿಣವಾದದ್ದೇ. ರಾತ್ರಿ ಚಿಕ್ಕಬಳ್ಳಾಪುರದ ಕಡೆಯಿಂದ ತರಕಾರಿ ಹೇರಿಕೊಂಡು ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳದ ಮೇಲಾಗಿ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಬರಬೇಕು. ಬೆಳಗಾದ ಮೇಲೆ ಊರೊಳಗೆ ಸಣ್ಣ ಬಾಡಿಗೆಗಳು. ಹೆದ್ದಾರಿಯಲ್ಲಿ ಒಂದೇ ವೇಗದ ಓಟ, ಊರಲ್ಲಿ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಕುಂಟುವ ಓಟ. ಲೋಡು ಪರ್ಮಿಟ್ಟಿಗಿಂತ ಒಂದಿಷ್ಟು ಮೇಲೆಯೇ ಇರುತ್ತಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ತೊಂದರೆ, ಮತ್ತು ಅದಕ್ಕೆ ಆಗಲೇ ಆಗಿದ್ದ ಖರ್ಚು

ಹೆಬ್ಬಾಳದ ಮೇಲ್ಸೇತುವೆ ಏರುವಾಗ ಮೂರನೇ ಗೇರಿನಲ್ಲಿ ಗಾಡಿ ಜರ್ಕ್ ಹೊಡೆಯುತ್ತಿತ್ತು. ಚೆಕ್ ಎಂಜಿನ್ ದೀಪ ಮಿಟುಕುತ್ತಿತ್ತು. ಏರು ಮುಗಿದ ಮೇಲೆ ಮಿಟುಕುವುದು ನಿಂತು ಸುಮ್ಮನೆ ಉರಿಯುತ್ತಿತ್ತು. ಈ ಎರಡಕ್ಕೂ ವ್ಯತ್ಯಾಸವಿದೆ. ಉರಿಯುವ ದೀಪ ಎಂದರೆ ದೋಷ ದಾಖಲಾಗಿದೆ ಎಂದರ್ಥ. ಮಿಟುಕುವ ದೀಪ ಎಂದರೆ ಉರಿಯದ ಇಂಧನ ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಕನ್ವರ್ಟರು ಕರಗುವ ಹಂತಕ್ಕೆ ಬಿಸಿಯಾಗಬಹುದು ಎಂದರ್ಥ. ಆಗ ಆಕ್ಸಿಲರೇಟರ್ ಬಿಡಬೇಕು, ಮೇಲಿಂದ ಮೇಲೆ ಒತ್ತಬಾರದು. ಈ ಗಾಡಿ ಮಿಟುಕುವ ದೀಪದಲ್ಲೇ ಹಲವು ವಾರ ಲೋಡು ಎಳೆದಿತ್ತು.

ಅಷ್ಟರಲ್ಲಿ ಬೇರೆ ಬೇರೆ ಕಡೆ ನಾಲ್ಕು ಕೆಲಸ ಆಗಿದ್ದವು. ಪ್ಲಗ್ ಬದಲಾಯಿಸಿದ್ದರು. ಪೆಟ್ರೋಲ್ ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದರು. ಗ್ಯಾಸ್ ಫಿಲ್ಟರ್ ಹೊಸದು ಹಾಕಿದ್ದರು. ಕೊನೆಗೆ ಸ್ಕ್ಯಾನರಿನಲ್ಲಿ ಪಿ0171, ಅಂದರೆ ಮಿಶ್ರಣ ತೆಳುವಾಗಿದೆ (ಗಾಳಿ ಹೆಚ್ಚು, ಇಂಧನ ಕಡಿಮೆ) ಎಂಬ ಕೋಡ್ ಬಂತೆಂದು, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರನ್ನೇ ಬದಲಿಸಿದ್ದರು. ಪ್ರತಿ ಸಲವೂ ಎರಡು ದಿನ ಸರಿಹೋದಂತೆ ಕಂಡು ಮತ್ತೆ ಅದೇ ಹಾಡು. ಕೋಡ್ ಅಳಿಸಿದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕಲಿತಿದ್ದ ಇಂಧನ ತಿದ್ದುಪಡಿಯೂ (ಎಷ್ಟು ಇಂಧನ ಕೂಡಿಸಬೇಕು, ಕಳೆಯಬೇಕು ಎಂಬ ಲೆಕ್ಕ) ಅಳಿಸಿ ಹೋಗುತ್ತದೆ. ಆ ಎರಡು ದಿನದ ಸುಖ ಬಹುಪಾಲು ಅದರಿಂದ ಬಂದದ್ದೇ ಹೊರತು ಬಿಡಿಭಾಗದಿಂದಲ್ಲ.

ನಾವು ನೋಡುವ ಗ್ಯಾರೇಜಿಗೆ ಬಂದಾಗ ನಡೆದ ಮೊದಲ ಮಾತು ಹೀಗಿತ್ತು.

“ಖಾಲಿ ಗಾಡೀಲಿ ಏನೂ ಇಲ್ಲಣ್ಣ. ಲೋಡ್ ಹಾಕ್ಕೊಂಡು ಹೆಬ್ಬಾಳ ಹತ್ತೋವಾಗ ಮಿಸ್ಸಿಂಗ್ ಹೊಡಿಯುತ್ತೆ.”

“ಗ್ಯಾಸಲ್ಲಿ ಮಾತ್ರಾನಾ, ಪೆಟ್ರೋಲಲ್ಲೂನಾ?”

“ಪೆಟ್ರೋಲಲ್ಲಿ ಓಡಿಸ್ತಾರೇನಣ್ಣ ಈ ಕಾಲದಲ್ಲಿ?”

ಗ್ಯಾಸಿನಲ್ಲಿ ಮಾತ್ರವೋ ಪೆಟ್ರೋಲಿನಲ್ಲೂವೋ ಎಂಬ ತಮ್ಮ ಪ್ರಶ್ನೆಗೆ ಉತ್ತರ ಸಿಗದೆ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದೆಂದು ಮೆಕ್ಯಾನಿಕ್ ತೀರ್ಮಾನಿಸಿದರು. ಇಡೀ ಪ್ರಕರಣದಲ್ಲಿ ಒಂದು ಪೈಸೆ ಖರ್ಚಿಲ್ಲದೆ ಅತಿ ಹೆಚ್ಚು ತಿಳಿಸಿದ ಪರೀಕ್ಷೆ ಅದು.

ಎರಡು ಇಂಧನ, ಒಂದೇ ಏರು

ಮೊದಲು ಕೋಡ್‌ಗಳನ್ನು ಅಳಿಸದೆ ಬರೆದಿಟ್ಟುಕೊಂಡರು: ಪಿ0303, ಅಂದರೆ ಮೂರನೇ ಸಿಲಿಂಡರಿನ ಮಿಸ್‌ಫೈರ್; ಪಿ0300, ಅಂದರೆ ಒಂದು ಸಿಲಿಂಡರೆಂದು ಗೊತ್ತುಪಡಿಸಲಾಗದ ಮಿಸ್‌ಫೈರ್; ಜೊತೆಗೆ ಹಳೆಯ ಪಿ0171. ಕೋಡ್ ಬಿದ್ದ ಕ್ಷಣದ ದಾಖಲೆಯನ್ನೂ, ಮೆಕ್ಯಾನಿಕ್‌ಗಳು ಫ್ರೀಜ್ ಫ್ರೇಮ್ ಎನ್ನುವುದನ್ನು, ತೆಗೆದರು. 2,600 ಆರ್‌ಪಿಎಂ, ಲೋಡು ಶೇ. 85ರ ಮೇಲೆ, ಕೂಲೆಂಟ್ 88 ಡಿಗ್ರಿ. ಮಾಲೀಕರು ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು.

ಆಮೇಲೆ ಎಂ ಸ್ಯಾಂಡ್ ಚೀಲ ಹೇರಿ ಗಾಡಿಯನ್ನು ಅದೇ ಏರಿಗೆ ಒಯ್ದರು. ಖಾಲಿ ಗಾಡಿಯಲ್ಲಿ ಸಿಲಿಂಡರಿನೊಳಗಿನ ಒತ್ತಡ ಕಡಿಮೆ. ಒತ್ತಡ ಹೆಚ್ಚಾದಷ್ಟೂ ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಸೊರಗಿದ ಕಾಯಿಲ್ ಗ್ಯಾರೇಜಿನೊಳಗೆ ನಿಂತಲ್ಲೇ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಸಿಕ್ಕಿಬೀಳುವುದಿಲ್ಲ. ಸ್ಕ್ಯಾನರಿನಲ್ಲಿ ಸಿಲಿಂಡರುವಾರು ಮಿಸ್‌ಫೈರ್ ಎಣಿಕೆ ತೆರೆದಿಟ್ಟು ಒಮ್ಮೆ ಗ್ಯಾಸಿನಲ್ಲಿ, ಒಮ್ಮೆ ಪೆಟ್ರೋಲಿನಲ್ಲಿ ಏರಿದರು.

ಗ್ಯಾಸಿನಲ್ಲಿ ಮೂರನೇ ಸಿಲಿಂಡರಿನ ಎಣಿಕೆ ಭರ್ರನೆ ಏರಿತು. ಪೆಟ್ರೋಲಿನಲ್ಲಿ ಗಾಡಿ ಜರ್ಕ್ ಹೊಡೆಯಲಿಲ್ಲ, ಡ್ರೈವರಿಗೆ ಏನೂ ಗೊತ್ತಾಗಲೂ ಇಲ್ಲ. ಆದರೆ ಮೂರನೆಯದರ ಎಣಿಕೆ ಅಲ್ಲೂ ಸ್ವಲ್ಪಸ್ವಲ್ಪ ಏರುತ್ತಿತ್ತು.

ಪ್ರಕರಣದ ಮೊದಲ ತಿರುವು ಇದು. ಫಿಲ್ಟರ್ ಕಟ್ಟಿ, ಪಂಪ್ ಸೊರಗಿ, ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಕೆಟ್ಟು ಇಂಧನ ಕಡಿಮೆಯಾಗಿದ್ದರೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ಬಳಲಬೇಕಿತ್ತು. ಒಂದೇ ಸಿಲಿಂಡರ್ ಬಳಲುತ್ತಿದ್ದರೆ ಅದರ ಇಂಜೆಕ್ಟರಿನ ಮೇಲೆ ಗುಮಾನಿ ಬರುತ್ತದೆ. ಆದರೆ ಗ್ಯಾಸಿಗೂ ಪೆಟ್ರೋಲಿಗೂ ಇಂಜೆಕ್ಟರ್ ಬೇರೆ ಬೇರೆ. ಎರಡೂ ಒಂದೇ ಸಿಲಿಂಡರಿನಲ್ಲಿ ಕೂಡಿ ಕೆಡುವುದು ಅಪರೂಪ. ಎರಡು ಇಂಧನಕ್ಕೂ ಸಮಾನವಾಗಿ ಉಳಿಯುವುದು ಎರಡೇ: ಕಿಡಿ ಮತ್ತು ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರಿನೊಳಗೆ ಏಳುವ ಒತ್ತಡ. ಇಂಜೆಕ್ಟರ್ ಕ್ಲೀನಿಂಗಿಗೆ ಕೊಟ್ಟ ದುಡ್ಡು ಯಾಕೆ ನೀರಿಗೆ ಬಿತ್ತು ಎಂಬುದು ಅಲ್ಲಿಗೆ ತಿಳಿಯಿತು.

ಗ್ಯಾಸಿನಲ್ಲೇ ಯಾಕೆ ಹೆಚ್ಚು? ಸಿಎನ್‌ಜಿ ಎಂದರೆ ಬಹುಪಾಲು ಮೀಥೇನ್. ಗಾಳಿ ಮತ್ತು ಮೀಥೇನಿನ ಮಿಶ್ರಣಕ್ಕೆ ಕಿಡಿ ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಕಾಯಿಲ್, ಪ್ಲಗ್‌ಗಳ ಸಣ್ಣ ಕೊರತೆಯೂ ಮೊದಲು ಗ್ಯಾಸಿನಲ್ಲೇ ತೋರುತ್ತದೆ. “ಗ್ಯಾಸಲ್ಲಿ ಮಾತ್ರ ಮಿಸ್ಸಿಂಗ್” ಎಂದ ಕೂಡಲೇ ಗ್ಯಾಸ್ ಕಿಟ್ಟಿಗೆ ಕೈಹಾಕುವ ಅಭ್ಯಾಸ ಅನೇಕ ಸಲ ದಾರಿ ತಪ್ಪಿಸುವುದು ಇದಕ್ಕೇ.

ಕಾಯಿಲ್, ಎಣ್ಣೆ, ಪ್ಲಗ್

ಸೀಟು ಎತ್ತಿ ಮೂರನೇ ಕಾಯಿಲ್ ಎಳೆದಾಗ ಅದರ ರಬ್ಬರ್ ಬೂಟು ಉಬ್ಬಿ ಮೆತ್ತಗಾಗಿತ್ತು. ಪ್ಲಗ್ ಕೂತಿರುವ ಗುಂಡಿಯ ತಳದಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ವಾಲ್ವ್ ಕವರಿನ ಕೆಳಗೆ ಪ್ರತಿ ಪ್ಲಗ್ಗಿನ ಕೊಳವೆಗೂ ಇರುವ ಸೀಲು ಗಟ್ಟಿಯಾಗಿ ಬಿರುಕು ಬಿಟ್ಟು ಅಲ್ಲಿಂದ ಆಯಿಲ್ ಇಳಿಯುತ್ತಿತ್ತು. ಗುಂಡಿ ಒರೆಸಿ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರೆ ಬಿಳಿ ಪಿಂಗಾಣಿಯ ಮೇಲೆ, ಮೇಲಿನ ತುದಿಯಿಂದ ಷಡ್ಭುಜದವರೆಗೆ, ಪೆನ್ಸಿಲ್ ಗೆರೆಯಷ್ಟು ತೆಳ್ಳನೆಯ ಕಪ್ಪು ಗೀರು. ಕಿಡಿ ತುದಿಗೆ ಹೋಗದೆ ಪಿಂಗಾಣಿಯ ಮೈಮೇಲೆ ಹರಿದು ಲೋಹ ಸೇರಿದ ಗುರುತು ಅದು. ಆ ಗೀರು ಒರೆಸಿದರೆ ಹೋಗುವುದಿಲ್ಲ. ಗೀರು ಬಿದ್ದ ಪ್ಲಗ್ಗಿಗೆ ಹೊಸ ಕಾಯಿಲ್ ಹಾಕಿದರೆ ಅದರ ಬೂಟಿನ ಒಳಗೂ ಗೀರು ಬೀಳುತ್ತದೆ. ಹಳೇ ಬೂಟಿಗೆ ಹೊಸ ಪ್ಲಗ್ ಹಾಕಿದರೂ ಅದೇ ಗತಿ. ಹಿಂದಿನವರು ಪ್ಲಗ್ ಬದಲಿಸಿದ್ದು ನಿಜ, ಗುಂಡಿಯಲ್ಲಿದ್ದ ಎಣ್ಣೆಯನ್ನು ಹಾಗೇ ಬಿಟ್ಟದ್ದೂ ನಿಜ.

ಪ್ಲಗ್ಗಿನ ಸಂದಿ ಅಳೆದರೆ 1.1 ಮಿ.ಮೀ., ಡಬ್ಬಿಯಿಂದ ತೆಗೆದ ಹಾಗೇ. ಪೆಟ್ರೋಲಿಗೆ ಅದು ಸರಿಯಾದ ಅಳತೆ. ಗ್ಯಾಸಿನಲ್ಲಿ ಓಡುವ ಗಾಡಿಗೆ 0.7ರಿಂದ 0.8 ಮಿ.ಮೀ. ಇಟ್ಟರೆ ಕಾಯಿಲಿನ ಮೇಲಿನ ಹೊರೆ ಇಳಿಯುತ್ತದೆ. ಇರಿಡಿಯಂ ಪ್ಲಗ್ಗಾದರೆ ತೆಳುವಾದ ತುದಿಗೆ ತಾಗುವಂತೆ ಸಂದಿ ತಿದ್ದುವುದು ಅಪಾಯ. ಬೇಕಾದ ಸಂದಿ ಇರುವುದನ್ನೇ ಕೇಳಿ ಕೊಳ್ಳಬೇಕು.

ಇಷ್ಟು ಕಂಡ ಮೇಲೂ ಕಾಯಿಲನ್ನು ನೇರವಾಗಿ ಬದಲಿಸಲಿಲ್ಲ. ಮೂರನೆಯ ಕಾಯಿಲನ್ನು ಒಂದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿದರು. ಪ್ಲಗ್‌ಗಳನ್ನು ಇದ್ದಲ್ಲೇ ಬಿಟ್ಟರು. ಒಂದು ಸಲಕ್ಕೆ ಒಂದೇ ವಸ್ತು ಜಾಗ ಬದಲಿಸಬೇಕು, ಇಲ್ಲವಾದರೆ ದೋಷ ಯಾವುದರ ಬೆನ್ನು ಹತ್ತಿತು ಎಂದು ತಿಳಿಯುವುದಿಲ್ಲ. ಅದೇ ಏರು, ಅದೇ ಲೋಡು. ಈಗ ಪಿ0301 ಬಂತು. ಲೋಡಿನ ಮಿಸ್ಸಿಂಗ್ ಕಾಯಿಲಿನ ಜೊತೆ ಒಂದನೇ ಸಿಲಿಂಡರಿಗೆ ಹೋಗಿತ್ತು.

ಒಂದು ಹೊಸ ಕಾಯಿಲ್, ನಾಲ್ಕು ಪ್ಲಗ್, ವಾಲ್ವ್ ಕವರ್ ಗ್ಯಾಸ್ಕೆಟ್ ಮತ್ತು ನಾಲ್ಕು ಕೊಳವೆ ಸೀಲು ಹಾಕಿದರು. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಲೋಕಲ್ ಕಾಯಿಲ್ ಅರ್ಧ ಬೆಲೆಗೆ ಸಿಗುತ್ತದೆ. ಗ್ಯಾಸ್ ಗಾಡಿಗೆ ಅದನ್ನು ಹಾಕದಿರುವುದೇ ಲೇಸು. ಗುಂಡಿಗಳ ಎಣ್ಣೆಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಹೀರಿ, ಬ್ರೇಕ್ ಕ್ಲೀನರ್ ಹೊಡೆದು, ಗಾಳಿ ಊದಿ ಒಣಗಿಸಿದ ಮೇಲೆಯೇ ಪ್ಲಗ್ ಬಿಚ್ಚಿದ್ದು. ಇಲ್ಲವಾದರೆ ಮರಳು, ಎಣ್ಣೆ ಎಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಹೊಸ ಪ್ಲಗ್ಗನ್ನು ಎಂಜಿನ್ ತಣ್ಣಗಿರುವಾಗ ಕೈಯಲ್ಲೇ ಕೊನೆವರೆಗೆ ತಿರುಗಿಸಿ, ನಂತರ ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟು ಬಿಗಿ. ಸಿಲಿಂಡರುಗಳ ಮೇಲೆ ಕೂರುವ ಅಲ್ಯೂಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಹೋದರೆ ಆ ಕೆಲಸಕ್ಕೆ ಬೇರೆಯೇ ಖರ್ಚು.

ಕನ್ವರ್ಟರು ಕಟ್ಟಿದೆಯೇ ಎಂದೂ ನೋಡಿದರು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜು ಹಾಕಿದರೆ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗುವಾಗ) ಒಂದು ಪಿಎಸ್‌ಐ ಆಸುಪಾಸು, 2,500 ಆರ್‌ಪಿಎಂನಲ್ಲಿ ಮೂರರೊಳಗೆ ಇರಬೇಕು. ಇತ್ತು. ಮಾಲೀಕರ ಅದೃಷ್ಟ ಎನ್ನಬೇಕು.

ಏರಿನಲ್ಲಿ ಗಾಡಿ ಈಗ ನುಣ್ಣಗೆ ಎಳೆಯಿತು. ಆದರೆ ಕೆಲಸದ ಚೀಟಿಯಲ್ಲಿ ಮೆಕ್ಯಾನಿಕ್ ಎರಡು ಸಾಲು ಬರೆದುಕೊಂಡಿದ್ದರು. ಒಂದು: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಮೂರನೇ ಸಿಲಿಂಡರ್ ಇನ್ನೂ ಆಗೊಮ್ಮೆ ಈಗೊಮ್ಮೆ ಎಣಿಕೆ ತೋರಿಸುತ್ತಿದೆ. ಎರಡು: ಇಂಧನ ತಿದ್ದುಪಡಿ ಪೆಟ್ರೋಲಿನಲ್ಲಿ +3, ಗ್ಯಾಸಿನಲ್ಲಿ +16, ಅಂದರೆ ಇಸಿಯು ಶೇಕಡಾ ಅಷ್ಟು ಇಂಧನ ಹೆಚ್ಚಿಗೆ ಕೊಡುತ್ತಿದೆ. ಆ ರಾತ್ರಿ ಒಂದು ಗಂಟೆಗೆ ಲೋಡಿತ್ತು. ಮಾಲೀಕರು ಗಾಡಿ ಬೇಕೇಬೇಕೆಂದರು. ಈ ಎರಡು ಸಾಲನ್ನು ಓದಿ ಹೇಳಿ ಗಾಡಿ ಬಿಟ್ಟುಕೊಟ್ಟರು.

ಸಿಗ್ನಲ್ಲಿನ ನಡುಕ

ಕೆಲವೇ ದಿನಗಳಲ್ಲಿ ಗಾಡಿ ಮರಳಿ ಬಂತು. ಏರಿನಲ್ಲಿ ತಕರಾರಿಲ್ಲ. ಆದರೆ ಮೇಖ್ರಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತದೆ, ಎರಡು ಸಲ ಎಂಜಿನ್ ಆಫ್ ಆಗಿದೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ.

ಸಾಮಾನ್ಯವಾಗಿ ಇಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡುತ್ತಾರೆ, ಎಂಜಿನ್ ಮೌಂಟಿಂಗ್ ಬದಲಿಸುತ್ತಾರೆ. ಎರಡೂ ಕೆಟ್ಟ ಕೆಲಸವೇನಲ್ಲ. ಆದರೆ ಕೊಳೆಯಾದ ಥ್ರಾಟಲ್ ಬಾಡಿ ಒಂದೇ ಸಿಲಿಂಡರಿಗೆ ಕಾಟ ಕೊಡುವುದಿಲ್ಲ, ಸವೆದ ಮೌಂಟಿಂಗ್ ಎಣಿಕೆ ಏರಿಸುವುದಿಲ್ಲ. ಚೀಟಿಯಲ್ಲಿ ಬರೆದಿದ್ದ ಮೂರನೇ ಸಿಲಿಂಡರಿನ ಎಣಿಕೆ ಈಗ ದಾರಿ ತೋರಿಸಿತು: ಎರಡು ಇಂಧನದಲ್ಲೂ ಇದೆ, ಬಿಸಿಯಲ್ಲಿ ಮಾತ್ರ ಇದೆ, ಆರ್‌ಪಿಎಂ ಏರಿಸಿದರೆ ಮಾಯವಾಗುತ್ತದೆ. ಕಿಡಿ ಸರಿಯಾಗಿದೆ. ಉಳಿದದ್ದು ಕಂಪ್ರೆಷನ್.

ತಣ್ಣನೆಯ ಎಂಜಿನ್ನಿನಲ್ಲಿ ಕಂಪ್ರೆಷನ್ ನೋಡಿ ಎಲ್ಲ ಸರಿಯಿದೆ ಎಂದು ಬಿಟ್ಟಿದ್ದರೆ ಈ ದೋಷ ತಪ್ಪಿಸಿಕೊಳ್ಳುತ್ತಿತ್ತು. ತಣ್ಣಗಿದ್ದಾಗ 12.5, 12.4, 11.6, 12.6 ಕೆಜಿ (ಚದರ ಸೆಂಟಿಮೀಟರಿಗೆ). ಮೂರನೆಯದು ಸ್ವಲ್ಪ ಕಡಿಮೆ, ಅಷ್ಟೇ. ಇಪ್ಪತ್ತು ನಿಮಿಷ ಓಡಿಸಿ ಬಿಸಿಯಲ್ಲೇ ಮತ್ತೆ ಅಳೆದರೆ ಉಳಿದ ಮೂರೂ 12.5ರ ಆಸುಪಾಸಿನಲ್ಲಿದ್ದವು, ಮೂರನೆಯದು 8ಕ್ಕೆ ಇಳಿದಿತ್ತು. ಸಿಲಿಂಡರುಗಳ ನಡುವೆ ಒಂದು ಕೆಜಿಗಿಂತ ಹೆಚ್ಚು ಅಂತರ ಇರಬಾರದು.

ಅಳೆಯುವ ಕ್ರಮವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಅರ್ಧಂಬರ್ಧ ಅಳತೆಗಳೇ ಹೆಚ್ಚು. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್‌ಗಳನ್ನು ಬಿಡಿಸಿ, ನಾಲ್ಕೂ ಪ್ಲಗ್ ತೆಗೆಯಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಥ್ರಾಟಲ್ ಪೂರ್ತಿ ತೆರೆದಿರಬೇಕು. ಮುಚ್ಚಿದ್ದರೆ ಗಾಳಿ ಬಾರದೆ ಎಲ್ಲ ಸಿಲಿಂಡರಿನ ಅಂಕಿಯೂ ಕೆಳಗೆ ಬೀಳುತ್ತದೆ. ಪ್ರತಿ ಸಿಲಿಂಡರಿಗೂ ಗೇಜಿನ ಮುಳ್ಳು ಐದಾರು ಸಲ ಜಿಗಿಯುವಷ್ಟು ಕ್ರ್ಯಾಂಕ್ ಮಾಡಬೇಕು, ಎಲ್ಲಕ್ಕೂ ಅಷ್ಟೇ ಸಲ.

ಬೆಂಗಳೂರಿನವರು ನೆನಪಿಡಬೇಕಾದ ಇನ್ನೊಂದು ಅಂಶ: ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಕೈಪಿಡಿಯಲ್ಲಿ 14 ಕೆಜಿ ಎಂದಿದ್ದರೆ ಇಲ್ಲಿ ಆರೋಗ್ಯವಾದ ಎಂಜಿನ್ ತೋರಿಸುವುದು ಹನ್ನೆರಡೂವರೆ. ಆ ಅಂಕಿ ನೋಡಿ “ಬೋರ್ ಹೋಗಿದೆ”, ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ ಎಂದು ಎಂಜಿನ್ ಬಿಚ್ಚಿಸುವವರಿದ್ದಾರೆ.

ಮೂರನೇ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ ರಿಂಗಿನ ದೋಷವಾಗಿದ್ದರೆ ಎಣ್ಣೆ ಸಂದಿ ಮುಚ್ಚಿ ಅಂಕಿ ಏರಬೇಕಿತ್ತು. ಏರಲಿಲ್ಲ. ನಂತರ ಆ ಪಿಸ್ಟನ್ನನ್ನು ಕಂಪ್ರೆಷನ್ ಹಂತದ ತುದಿಗೆ ತಂದು, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟರು. ಆಯಿಲ್ ಹಾಕುವ ಬಾಯಲ್ಲಿ ಸದ್ದಿಲ್ಲ, ಅಂದರೆ ರಿಂಗ್ ಸರಿ. ರೇಡಿಯೇಟರಿನಲ್ಲಿ ಗುಳ್ಳೆ ಇಲ್ಲ, ಹೆಡ್ ಗ್ಯಾಸ್ಕೆಟ್ ಸರಿ. ಥ್ರಾಟಲ್ ಬಾಯಿ ನಿಶ್ಶಬ್ದ. ಸೈಲೆನ್ಸರಿನ ಬಾಯಿಗೆ ಕಿವಿ ಕೊಟ್ಟರೆ ಮಾತ್ರ ಸ್‌ಸ್ ಎಂಬ ಸದ್ದು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಟ್ಯಾಪೆಟ್ ಲೆಕ್ಕ

ಒಂದು ರಾತ್ರಿ ಪೂರ್ತಿ ಆರಲು ಬಿಟ್ಟು ಬೆಳಿಗ್ಗೆ ವಾಲ್ವ್ ಕವರ್ ತೆಗೆದು ಫೀಲರ್ ಗೇಜಿನಲ್ಲಿ ಹದಿನಾರೂ ವಾಲ್ವಿನ ಸಂದಿ, ಅಂದರೆ ಕ್ಯಾಮ್‌ಶಾಫ್ಟಿಗೂ ಅದು ಒತ್ತಿ ವಾಲ್ವ್ ತೆರೆಸುವ ಟ್ಯಾಪೆಟ್ಟಿಗೂ ನಡುವಿನ ಜಾಗ, ಅಳೆದರು. ಈ ಎಂಜಿನ್ನಿಗೆ ತಣ್ಣಗಿದ್ದಾಗ ಗಾಳಿ ಒಳಬಿಡುವ ಇನ್‌ಟೇಕಿಗೆ 0.18ರಿಂದ 0.22, ಎಕ್ಸಾಸ್ಟಿಗೆ 0.28ರಿಂದ 0.32 ಮಿ.ಮೀ. ಇರಬೇಕು. ಇನ್‌ಟೇಕ್ ಎಂಟೂ ಹೆಚ್ಚುಕಡಿಮೆ ಸರಿಯಿದ್ದವು. ಎಕ್ಸಾಸ್ಟ್ ಒಂದೂ ಸರಿಯಿರಲಿಲ್ಲ. ಬಹುತೇಕ 0.18, 0.20ರಲ್ಲಿದ್ದವು, ಮೂರನೇ ಸಿಲಿಂಡರಿನ ಎರಡು 0.08 ಮತ್ತು 0.05.

ಸಂದಿ ಜಾಸ್ತಿಯಾದರೆ ಟಕಟಕ ಸದ್ದು ಬರುತ್ತದೆ, ಯಾರಿಗಾದರೂ ಕೇಳಿಸುತ್ತದೆ. ಸಂದಿ ಕಡಿಮೆಯಾದರೆ ಎಂಜಿನ್ ಇನ್ನೂ ನಿಶ್ಶಬ್ದವಾಗುತ್ತದೆ. “ಎಂಜಿನ್ ಎಷ್ಟು ಸೈಲೆಂಟ್ ನೋಡಿ” ಎಂದು ಮಾರಿದವರು ಹೇಳಿದ್ದು ಈ ಗಾಡಿಯ ಬಗ್ಗೆಯೇ. ಬಿಸಿಯಾದಾಗ ವಾಲ್ವಿನ ಕಾಂಡ ಹಿಗ್ಗುತ್ತದೆ, ಹಿಗ್ಗಲು 0.05 ಸಾಲದೆ ವಾಲ್ವ್ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ವೇಗವಾಗಿ ತಿರುಗುವಾಗ ಸೋರಲು ಸಮಯವಿಲ್ಲ, ಐಡ್ಲಿಂಗಿನಲ್ಲಿ ಧಾರಾಳ ಸಮಯ. ಬಿಸಿ, ಸಿಗ್ನಲ್, ನಡುಕ ಎಲ್ಲಕ್ಕೂ ಇದೇ ಉತ್ತರ.

ಈ ಎಂಜಿನ್ನಿನಲ್ಲಿ ತಿರುಪು ತಿರುಗಿಸಿ ಸೆಟ್ ಮಾಡುವ ಟ್ಯಾಪೆಟ್ ಇಲ್ಲ. ಬಟ್ಟಲಿನಾಕಾರದ ಟ್ಯಾಪೆಟ್ಟನ್ನೇ ಬೇರೆ ದಪ್ಪದ್ದಕ್ಕೆ ಬದಲಿಸಬೇಕು, ಅದಕ್ಕೆ ಕ್ಯಾಮ್‌ಶಾಫ್ಟ್ ಇಳಿಸಬೇಕು, ಟೈಮಿಂಗ್ ಚೈನಿನ ಗುರುತು ಮೊದಲೇ ಪೇಂಟ್ ಹಚ್ಚಿ ಇಟ್ಟುಕೊಳ್ಳಬೇಕು. ಲೆಕ್ಕ ಸರಳ: ಹಳೆಯ ಟ್ಯಾಪೆಟ್ಟಿನ ದಪ್ಪಕ್ಕೆ ಅಳೆದ ಸಂದಿ ಕೂಡಿಸಿ ಬೇಕಾದ ಸಂದಿ ಕಳೆಯಬೇಕು. ಮೈಕ್ರೋಮೀಟರಿನಲ್ಲಿ 3.12 ಬಂದ ಟ್ಯಾಪೆಟ್ಟಿಗೆ ಸಂದಿ 0.05 ಇತ್ತು. 3.12 ಕೂಡಿಸು 0.05 ಕಳೆ 0.30, ಅಂದರೆ 2.87 ಮಿ.ಮೀ. ಸರಿಯಾಗಿ ಅದೇ ದಪ್ಪ ಸಿಗದಿದ್ದರೆ ಗ್ಯಾಸ್ ಗಾಡಿಗೆ ಕೂದಲಷ್ಟು ತೆಳುವಾದದ್ದೇ ವಾಸಿ, ಸಂದಿ ಮುಂದೆ ಕುಗ್ಗುವ ಕಡೆಗೇ ಹೋಗುತ್ತದೆ. ಟ್ಯಾಪೆಟ್ಟಿನ ಒಳಗೆ ಕೊರೆದ ಅಂಕಿಯನ್ನು ನಂಬಿ ಕೂರಬಾರದು. ಸವೆದದ್ದು ಅದರಲ್ಲಿ ಬರೆದಿರುವುದಿಲ್ಲ.

ಹೆಡ್ ಬಿಚ್ಚುವುದೇ, ಬೇಡವೇ

ಸಂದಿ ಕುಗ್ಗಿದ್ದು ಟ್ಯಾಪೆಟ್ಟಿನ ತಪ್ಪಲ್ಲ. ವಾಲ್ವ್ ಕೂರುವ ಸೀಟು ಸವೆದು ವಾಲ್ವ್ ಮೇಲಕ್ಕೆ ಸರಿದಿತ್ತು. ಸಿಎನ್‌ಜಿ ಒಣ ಇಂಧನ. ಸೀಟಿನ ಮೇಲೆ ಬಡಿಯುವ ವಾಲ್ವಿಗೆ ದ್ರವ ಇಂಧನದಿಂದ ಸಿಗುವ ಅಲ್ಪಸ್ವಲ್ಪ ತಂಪೂ ಸವರಿಕೆಯೂ ಅಲ್ಲಿಲ್ಲ. ಕಾರ್ಖಾನೆಯಿಂದಲೇ ಗ್ಯಾಸಿಗೆಂದು ಬರುವ ಎಂಜಿನ್ನುಗಳಿಗೆ ಹೆಚ್ಚು ಗಟ್ಟಿಯಾದ ಸೀಟು ಹಾಕುವುದು ಈ ಕಾರಣಕ್ಕೆ.

ಹೆಡ್ ಇಳಿಸಿ ಲೇತಿಗೆ ಕೊಟ್ಟು ಗಟ್ಟಿ ಸೀಟು ಕೂರಿಸುವುದು ಪೂರ್ತಿ ರಿಪೇರಿ. ಆದರೆ ಅದಕ್ಕೆ ಗಾಡಿ ಒಂದು ವಾರ ನಿಲ್ಲಬೇಕು, ಖರ್ಚೂ ದೊಡ್ಡದು. ಮಾಲೀಕರು ಬಿಡಿಭಾಗಗಳಿಗೇ ಕೈ ಖಾಲಿ ಮಾಡಿಕೊಂಡಿದ್ದರು. ಟ್ಯಾಪೆಟ್ ಬದಲಿಸಿ, ಬಿಸಿಯಲ್ಲಿ ಕಂಪ್ರೆಷನ್ ಅಳೆದು, ಅದು ಮೇಲೆ ಬಂದರೆ ಕಾಯೋಣ. ಬಾರದಿದ್ದರೆ ವಾಲ್ವ್ ಸುಟ್ಟಿದೆ ಎಂದರ್ಥ, ಆಗ ಹೆಡ್ ಇಳಿಸದೆ ಗತ್ಯಂತರವಿಲ್ಲ ಎಂದು ಮಾತಾಯಿತು. ಎಂಟೂ ಎಕ್ಸಾಸ್ಟ್ ಟ್ಯಾಪೆಟ್ ಬದಲಿಸಿದ ಮೇಲೆ ಮೂರನೆಯದು ಬಿಸಿಯಲ್ಲಿ 11.8 ತೋರಿಸಿತು. ಉಳಿದವಕ್ಕಿಂತ ಕಡಿಮೆಯೇ, ಆದರೆ ಒಂದು ಕೆಜಿಯ ಅಂತರದೊಳಗೆ. ಸಿಗ್ನಲ್ಲಿನ ನಡುಕ ನಿಂತಿತು.

ಇಲ್ಲಿಗೆ ಬಿಲ್ಲು ಬರೆಯಬಹುದಿತ್ತು. ಚೀಟಿಯ ಎರಡನೇ ಸಾಲು ಬಿಡಲಿಲ್ಲ.

ಮೈಲೇಜಿನ ಬೆಲೆ

ಮಿಸ್‌ಫೈರ್ ಇದ್ದಾಗ ಉರಿಯದೆ ಉಳಿದ ಆಮ್ಲಜನಕ ಸೆನ್ಸರಿಗೆ ತಾಗಿ, ಮಿಶ್ರಣ ತೆಳುವಿಲ್ಲದಿದ್ದರೂ ತೆಳು ಎಂದು ತೋರಿಸುವುದುಂಟು. ಗ್ಯಾಸಿನ +16 ಅದರಿಂದಲೇ ಇರಬಹುದೆಂದು ಮೊದಲು ಅಂದುಕೊಂಡಿದ್ದರು. ಈಗ ಮಿಸ್‌ಫೈರ್ ಇಲ್ಲ. ಆದರೂ ಗ್ಯಾಸಿನಲ್ಲಿ +15, ಪೆಟ್ರೋಲಿನಲ್ಲಿ +2. ಆಕ್ಸಿಜನ್ ಸೆನ್ಸರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು, ಅದನ್ನೇ ಬಿಚ್ಚಿ ಎಸೆದಿದ್ದರು.

ಇಂಥ ಕಿಟ್ಟಿನ ಇಸಿಯು ಪೆಟ್ರೋಲ್ ಇಂಜೆಕ್ಟರ್ ತೆರೆದಿರಬೇಕಾದ ಸಮಯವನ್ನು ತೆಗೆದುಕೊಂಡು ತನ್ನ ಮ್ಯಾಪಿನ (ಒಳಗಿರುವ ಅಂಕಿಪಟ್ಟಿಯ) ಅಂಕಿಯಿಂದ ಗುಣಿಸಿ ಗ್ಯಾಸ್ ಇಂಜೆಕ್ಟರಿಗೆ ಕೊಡುತ್ತದೆ. ಲ್ಯಾಪ್‌ಟಾಪ್ ಹಾಕಿ ನೋಡಿದರೆ ಆ ಅಂಕಿಗಳನ್ನು ಎಲ್ಲೆಡೆ ಇಳಿಸಲಾಗಿತ್ತು. ಯಾರೋ “ಮೈಲೇಜಿಗೆ ಟ್ಯೂನ್” ಮಾಡಿಸಿದ್ದರು. ನಿಧಾನ ಓಟದಲ್ಲಿ ಮೂಲ ಇಸಿಯು ಸೆನ್ಸರ್ ನೋಡಿಕೊಂಡು ಕೊರತೆ ತುಂಬಿಸುತ್ತದೆ, +15 ಬಂದದ್ದು ಹಾಗೆ. ಆದರೆ ಲೋಡು ಹೇರಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಸಿಯು ಸೆನ್ಸರಿನ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಎಂಜಿನ್ ಅತಿ ಹೆಚ್ಚು ಬಿಸಿಯಾಗುವ ಆ ಹೊತ್ತಿನಲ್ಲೇ ಮಿಶ್ರಣ ಅತಿ ತೆಳುವಾಗುತ್ತಿತ್ತು.

ತೆಳು ಮಿಶ್ರಣಕ್ಕೆ ಕಿಡಿಯ ವೋಲ್ಟೇಜ್ ಇನ್ನೂ ಹೆಚ್ಚು ಬೇಕು. ಎಣ್ಣೆಯಲ್ಲಿ ನೆಂದ ಬೂಟು ಅದನ್ನು ತಡೆಯಲಿಲ್ಲ. ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಉರಿ ಎಕ್ಸಾಸ್ಟ್ ವಾಲ್ವ್ ತೆರೆಯುವವರೆಗೂ ಎಳೆಯುತ್ತದೆ. ಸೀಟು ಬೇಗ ಸವೆಯಿತು. ಎರಡು ಬೇರೆ ದೋಷಗಳಂತೆ ಕಂಡವಕ್ಕೆ ಬೇರು ಒಂದೇ ಕಡೆ ಇತ್ತು.

ಕಿಟ್ಟಿನ ಟ್ಯೂನರ್ ರೆಡ್ಯೂಸರಿನ ಒತ್ತಡ ಸರಿಯಿದೆ ಎಂದು ಖಚಿತಪಡಿಸಿಕೊಂಡು, ಒಂದೇ ಆರ್‌ಪಿಎಂ, ಒಂದೇ ಲೋಡಿನಲ್ಲಿ ಎರಡು ಇಂಧನಕ್ಕೂ ಪೆಟ್ರೋಲ್ ಇಂಜೆಕ್ಷನ್ ಸಮಯ ಸಮನಾಗುವವರೆಗೆ ಮ್ಯಾಪ್ ಏರಿಸಿದರು. ಗ್ಯಾಸಿನ ತಿದ್ದುಪಡಿ +4ಕ್ಕೆ ಇಳಿಯಿತು. ಮೈಲೇಜ್ ಕೆಜಿಗೆ ಸುಮಾರು ಒಂದೂವರೆ ಕಿ.ಮೀ. ಕಡಿಮೆಯಾಯಿತು. ಮಾಲೀಕರಿಗೆ ಇದು ಹಿಡಿಸಲಿಲ್ಲ, ವಾಪಸ್ ಇಳಿಸಿಕೊಡಿ ಎಂದು ಕೇಳಿದ್ದೂ ಆಯಿತು. ಮೆಕ್ಯಾನಿಕ್ ಜಗಳಕ್ಕೆ ಹೋಗಲಿಲ್ಲ. ಬಿಚ್ಚಿದ ಟ್ಯಾಪೆಟ್‌ಗಳನ್ನೂ ಫೀಲರ್ ಗೇಜಿನ ಅಂಕಿಗಳನ್ನೂ ಮುಂದಿಟ್ಟು, ಮುಂದಿನ ಅಳತೆಯವರೆಗೆ ಹೀಗೇ ಓಡಿಸಿ ಎಂದರು. ಸುಮಾರು 10,000 ಕಿ.ಮೀ. ಆದ ಮೇಲೆ ಮತ್ತೆ ಕವರ್ ತೆಗೆದು ಅಳೆದಾಗ ಮೂರನೇ ಸಿಲಿಂಡರಿನ ಎಕ್ಸಾಸ್ಟ್ 0.30ರಿಂದ 0.27ಕ್ಕೆ ಬಂದಿತ್ತು, ಉಳಿದವು ಅಲುಗಿರಲಿಲ್ಲ. ಮ್ಯಾಪ್ ಹಾಗೇ ಉಳಿಯಿತು.

ಆರೈಕೆಯ ಪಟ್ಟಿಯಲ್ಲಿ ಬದಲಾದದ್ದು

ಆಯಿಲ್, ಏರ್ ಫಿಲ್ಟರ್ ಮುಂತಾದವನ್ನು ಎಲ್ಲರೂ ಬಲ್ಲರು. ಇಷ್ಟು ಹೇಳಿದರೆ ಸಾಕು: ಕೈಪಿಡಿ ಆಯಿಲಿಗೆ 10,000 ಕಿ.ಮೀ. ಎಂದರೂ ಲೋಡು ಮತ್ತು ಊರೊಳಗಿನ ಓಟ ಎರಡೂ ಇರುವ ಗಾಡಿಗೆ 7,000ದ ಒಳಗೇ ಬದಲಿಸುವುದು ಒಳ್ಳೆಯದು. ಕೊಳೆಯಾದ ಏರ್ ಫಿಲ್ಟರ್ ಗ್ಯಾಸಿನಲ್ಲಿ ಪೆಟ್ರೋಲಿಗಿಂತ ಬೇಗ ಗಾಡಿಯ ಎಳೆತವನ್ನು ಕೊಲ್ಲುತ್ತದೆ. ಗ್ಯಾಸೇ ಗಾಳಿಯ ಜಾಗವನ್ನು ತಿನ್ನುತ್ತದೆ.

ಕೂಲೆಂಟನ್ನು ಮಾತ್ರ ಯಾರೂ ಗ್ಯಾಸಿಗೆ ಜೋಡಿಸಿ ನೋಡುವುದಿಲ್ಲ. ಗ್ಯಾಸ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗ್ಯಾಸ್ ರೆಡ್ಯೂಸರಿನಲ್ಲಿ ಒಮ್ಮೆಲೇ ಹಿಗ್ಗಿ ತಣ್ಣಗಾಗುತ್ತದೆ. ಅದು ಹೆಪ್ಪುಗಟ್ಟದಂತೆ ಎಂಜಿನ್ನಿನ ಬಿಸಿ ಕೂಲೆಂಟ್ ರೆಡ್ಯೂಸರಿನ ಸುತ್ತ ಹರಿಯುತ್ತದೆ. ಕೂಲೆಂಟ್ ಕಡಿಮೆಯಾದರೆ, ಇಲ್ಲವೇ ಪೈಪಿನಲ್ಲಿ ಗಾಳಿ ನಿಂತರೆ, ರೆಡ್ಯೂಸರಿನ ಮೇಲೆ ಬಿಳಿ ಹಿಮ ಕೂರುತ್ತದೆ, ಹೆದ್ದಾರಿಯಲ್ಲಿ ಗ್ಯಾಸ್ ಸಾಲದೆ ಮಿಸ್ಸಿಂಗ್ ಶುರುವಾಗುತ್ತದೆ. ಮಿಸ್ಸಿಂಗ್ ಎಂದು ಬರುವ ಗ್ಯಾಸ್ ಗಾಡಿಯಲ್ಲಿ ರೆಡ್ಯೂಸರ್ ಮುಟ್ಟಿ ನೋಡುವುದು ಸ್ಕ್ಯಾನರಿಗಿಂತ ಮೊದಲ ಕೆಲಸವಾಗಬೇಕು. ಕೈಗೆ ಬಿಸಿ ತಾಗಬೇಕು.

ಪೆಟ್ರೋಲ್ ಟ್ಯಾಂಕನ್ನೂ ಮರೆಯಬಾರದು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಎಥನಾಲ್ ತೇವ ಹೀರಿ ಪಂಪು, ಇಂಜೆಕ್ಟರುಗಳನ್ನು ಕೆಡಿಸುತ್ತದೆ. ದಿನಕ್ಕೊಮ್ಮೆ ಕೆಲವು ಕಿ.ಮೀ. ಪೆಟ್ರೋಲಿನಲ್ಲಿ ಓಡಿಸುವುದರಿಂದ ಟ್ಯಾಂಕೂ ತಿರುಗುತ್ತದೆ, ವಾಲ್ವ್ ಸೀಟಿಗೂ ಸ್ವಲ್ಪ ಬಿಡುವು. ಪ್ಲಗ್ಗನ್ನು 10,000ಕ್ಕೊಮ್ಮೆ ಬಿಚ್ಚಿ ಸಂದಿ ನೋಡುವುದು, ಅದೇ ಹೊತ್ತಿಗೆ ಗುಂಡಿಯಲ್ಲಿ ಎಣ್ಣೆ ಇದೆಯೇ ಎಂದು ಟಾರ್ಚ್ ಬಿಡುವುದು. ಗ್ಯಾಸ್ ಸಿಲಿಂಡರಿನ ಹೈಡ್ರೋ ಟೆಸ್ಟ್ ಮೂರು ವರ್ಷಕ್ಕೊಮ್ಮೆ, ತಪ್ಪಿಸುವಂತಿಲ್ಲ.

ಇಂಥದೇ ಗಾಡಿ ಕೊಳ್ಳಹೊರಟವರಿಗೆ ಈ ಪ್ರಕರಣದಿಂದ ಸಿಗುವ ಕೆಲಸ ಮೂರು. ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್ ನೋಡುವುದು, ಬೆಳಿಗ್ಗೆ ತಣ್ಣಗಿರುವಾಗಲ್ಲ. ಇಸಿಯುವಿನ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಒಬಿಡಿ ಡಾಂಗಲ್ ಹಾಕಿ ಇಂಧನ ತಿದ್ದುಪಡಿಯನ್ನು ಪೆಟ್ರೋಲಿನಲ್ಲೊಮ್ಮೆ, ಗ್ಯಾಸಿನಲ್ಲೊಮ್ಮೆ ಓದುವುದು. ಎರಡರ ನಡುವೆ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ಕಿಟ್ಟಿನ ಮ್ಯಾಪ್ ಯಾರು, ಯಾವಾಗ ಮುಟ್ಟಿದರೆಂದು ಕೇಳುವುದು. ಬಿಸಿಯಲ್ಲಿ ಕಂಪ್ರೆಷನ್ ಅಳೆಸಲು ಮಾರುವವರು ಒಪ್ಪದಿದ್ದರೆ ಹೆಡ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳುವುದು. ಈ ಗಾಡಿಯ ಹೆಡ್ ಕೆಲಸವೂ ತಪ್ಪಿಲ್ಲ, ಮುಂದೆ ಹೋಗಿದೆ ಅಷ್ಟೇ: ಮೂರನೆಯದರ ಎಕ್ಸಾಸ್ಟ್ ಸಂದಿ 0.20ಕ್ಕೆ ಇಳಿದರೆ, ಇಲ್ಲವೇ ಬಿಸಿ ಕಂಪ್ರೆಷನ್ 11ರ ಕೆಳಗೆ ಹೋದರೆ ಹೆಡ್ ಇಳಿಸಿ ಗಟ್ಟಿ ಸೀಟು ಹಾಕಿಸುವುದೆಂದು ಚೀಟಿಯಲ್ಲಿ ಬರೆದು ಮಾಲೀಕರಿಗೆ ಕೊಟ್ಟಿದ್ದಾರೆ.